ಎಲಾದಿಯೊನ ಹಳದಿ ಗೆರೆ

ಪೋರ್ಟೊ ರಿಕೊದ ದಕ್ಷಿಣ ಕರಾವಳಿಯಲ್ಲಿ ಕಾರಿನ ಹುಚ್ಚು ಹತ್ತಿಸಿಕೊಂಡ ಯಾರನ್ನೇ ಕೇಳಿದರೂ ಎಲಾದಿಯೊನ ಟೈರ್ ಅಂಗಡಿಗೆ ದಾರಿ ಹೇಳುತ್ತಿದ್ದರು. ಅಂಗಡಿ ಅಂದರೆ ದೊಡ್ಡದೇನಲ್ಲ. ಸಾಂತಾ ಇಸಾಬೆಲ್ ಊರಾಚೆಯ ಹಳೇ ರಸ್ತೆಯ ಪಕ್ಕ ಒಂದು ತಗಡಿನ ಸೂರು, ಮಾವಿನ ಮರದ ಬುಡದಲ್ಲಿ ಸವೆದ ಟೈರುಗಳ ರಾಶಿ, ಕೆಟ್ಟುಹೋದ ಫ್ರಿಜ್ಜೊಂದರೊಳಗೆ ಸಾಲಾಗಿ ಜೋಡಿಸಿಟ್ಟ, ನಟ್ ಬಿಗಿಯುವ ಪಾನಾಗಳು. ಬೋರ್ಡು ಕೂಡ ಇರಲಿಲ್ಲ. ಎರಡು ಚಂಡಮಾರುತಗಳಲ್ಲಿ ಎರಡು ಬೋರ್ಡು ಹಾರಿಹೋದ ಮೇಲೆ ಮೂರನೆಯದನ್ನು ಬರೆಸುವ ಉಸಾಬರಿಗೆ ಅವನು ಹೋಗಲಿಲ್ಲ. ಜನ ಬರುತ್ತಿದ್ದುದು ಅವನ ಕೈಗುಣ ನಂಬಿ.

ಅದು ಕೈಗುಣಕ್ಕಿಂತ ಹೆಚ್ಚಾಗಿ ಹಠ ಎನ್ನಬೇಕು. ಏರ್ ಗನ್ ಹಿಡಿದು ಟರ್ರೆಂದು ನಟ್ ಏರಿಸುವವರನ್ನು ಕಂಡರೆ ಎಲಾದಿಯೊನಿಗೆ ಮೈಯೆಲ್ಲ ಉರಿಯುತ್ತಿತ್ತು. ನಟ್ಟಿನ ಮೊದಲ ಮೂರು ಸುತ್ತು ಬರೀ ಬೆರಳಲ್ಲಿ, ಥ್ರೆಡ್ಡಿಗೆ ಥ್ರೆಡ್ ಸರಿಯಾಗಿ ಕೂತಿತೋ ಇಲ್ಲವೋ ಬೆರಳು ಹೇಳಬೇಕು, ಆಮೇಲೇ ಪಾನಾ. ಕೊನೆಗೆ, ಬಿಗಿ ಸಾಕಾದಾಗ ಕಟ್ ಎಂದು ಸದ್ದು ಮಾಡುವ ಅಳತೆ ಪಾನಾ. ಅದೂ ಮುಗಿದ ಮೇಲೆ ಒಂದು ಸಣ್ಣ ಬ್ರಷ್ಷಿನಲ್ಲಿ ನಟ್ಟಿನಿಂದ ಚಕ್ರದವರೆಗೆ ಒಂದು ಹಳದಿ ಗೆರೆ ಎಳೆಯುತ್ತಿದ್ದ. ನಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣಬೇಕು, ಅದಕ್ಕೆ.

ಭಾನುವಾರ ಭಾನುವಾರ ಎರಡೆರಡು ಕಾರು ಜೊತೆಯಾಗಿ ರೇಸ್ ಓಡುವ ಟ್ರ್ಯಾಕಿನಲ್ಲಿ ಈ ಗೆರೆಗೆ ಇದ್ದ ಬೆಲೆಯೇ ಬೇರೆ. ಅಲ್ಲಿ ತಪಾಸಣೆಗೆ ನಿಂತಿರುತ್ತಿದ್ದ ವಿಲೊ ಸಾಮಾನ್ಯದ ಆಸಾಮಿಯಲ್ಲ. ಪ್ರತಿ ಕಾರಿನ ಚಕ್ರವನ್ನೂ ಹಿಡಿದು ಅಲ್ಲಾಡಿಸುವನು, ಪ್ರತಿ ನಟ್ಟಿಗೂ ಪಾನಾ ಹಾಕುವನು, ಸ್ವಂತ ತಮ್ಮನನ್ನೇ ಎರಡು ಸಲ ವಾಪಸ್ ಕಳಿಸಿದವನು. ಅಂಥವನು ಹಳದಿ ಗೆರೆ ಕಂಡರೆ ಮಾತ್ರ ಬಗ್ಗಿ ನೋಡುತ್ತಲೇ ಇರಲಿಲ್ಲ. "ಎಲಾದಿಯೊನದ್ದಾ? ನಡಿ ನಡಿ" ಎಂದು ಕೈಬೀಸಿ ಬಿಡುತ್ತಿದ್ದ. ಅರವತ್ತೆರಡು ವರ್ಷದ ಬಾಳಿನಲ್ಲಿ ಎಲಾದಿಯೊ ಗಳಿಸಿದ ಆಸ್ತಿ ಅಂದರೆ ಅದೊಂದೇ, ಆ ಕೈಬೀಸು.

ಆ ಬೆರಳುಗಳೇ ಈಗ ಅವನಿಗೆ ಕೈಕೊಟ್ಟಿದ್ದವು. ಜನವರಿ ಆರರ ರೇಯೆಸ್ ಹಬ್ಬದ, ಅಂದರೆ ಮೂವರು ರಾಜರ ಹಬ್ಬದ ಬೆಳಿಗ್ಗೆ ಒಲೆಯ ಮೇಲಿದ್ದ ಕಾಫಿ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಮೇಜಿಗೆ ತಂದಿಟ್ಟಿದ್ದ. ಬೊಬ್ಬೆ ಎದ್ದದ್ದು ಮಧ್ಯಾಹ್ನ ಕಣ್ಣಿಗೆ ಬಿದ್ದಾಗಲೇ ಸುಟ್ಟಿದೆ ಎಂದು ತಿಳಿದದ್ದು. ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ ಇತ್ತು. ಅದು ಬೆರಳ ತುದಿಗೆ ಬಂದು ಕೂತಿದೆ ಎಂದು ಅವನಿಗೆ ಅರ್ಥವಾಯಿತು. ಯಾರಿಗೂ ಹೇಳಲಿಲ್ಲ. ಹೇಳಲು ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಭಯ. ಬೆರಳೇ ಸತ್ತ ಮೇಲೆ ಎಲಾದಿಯೊ ಎಂಬ ಮನುಷ್ಯನಲ್ಲಿ ಉಳಿಯುವುದಾದರೂ ಏನು? ಬೆರಳು ಹೇಳದ್ದನ್ನು ಕಣ್ಣಿನಿಂದ ನೋಡಿ ತಿಳಿಯುವುದನ್ನು ಅವನು ಕಲಿತುಕೊಂಡ. ನಟ್ ಓರೆಯಾಗಿ ಕೂತರೆ ಕಾಣುತ್ತದಲ್ಲ, ಸಾಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ದಿನ ತಳ್ಳುತ್ತಿದ್ದ.

ಫೆಬ್ರವರಿಯ ಆ ಭಾನುವಾರ ಬೆಳಿಗ್ಗೆ ಎಂಟಕ್ಕೇ, ರೇಸಿಗೆ ಮುಂಚೆ ಚಕ್ರ ಬಿಗಿಸಿಕೊಳ್ಳಲು ಪ್ರತಿ ಭಾನುವಾರ ಬರುವ ಹಾಗೆ, ಅವನ ತಂಗಿಯ ಮಗಳು ನೊಯೆಲಿಯಾ ಬಂದಳು. ಇಪ್ಪತ್ತೊಂಬತ್ತರ ಹುಡುಗಿ, ಊರಿನ ಔಷಧಿ ಅಂಗಡಿಯಲ್ಲಿ ಕೆಲಸ. ವಾರದ ಆರು ದಿನ ಮಾತ್ರೆ ಚೀಟಿ ನೋಡಿಕೊಂಡು ಮೆತ್ತಗೆ ಮಾತಾಡುವವಳು ಏಳನೆಯ ದಿನ ಇವಳೇನಾ ಅನ್ನಿಸುವಂತಾಗುತ್ತಿದ್ದಳು. ಅವಳ ಕಾರು ಎಂಬತ್ತೊಂದರ ಟೊಯೊಟಾ ಕೊರೊಲ್ಲಾ. ಹಿಂದಿನ ಚಕ್ರ ತಳ್ಳುವ ಹಳೇ ಕಾಲದ ಗಾಡಿ. ಅದಕ್ಕೆ ಮಜ್ದಾ ಕಾರಿನ ರೋಟರಿ ಎಂಜಿನ್ ಕಿತ್ತು ಹಾಕಿಸಿದ್ದಳು. ಹೊರಗಿನಿಂದ ನೋಡಿದರೆ ಪಾದ್ರಿಯ ಕಾರಿನ ಹಾಗೆ ಸಾಧು, ಸ್ಟಾರ್ಟ್ ಮಾಡಿದರೆ ಇಡೀ ಬೀದಿಯ ಕೋಳಿಗಳು ಓಡಬೇಕು. ಹೋದ ಎರಡು ವರ್ಷವೂ ಫೆಬ್ರವರಿಯ ದೊಡ್ಡ ರೇಸಿನಲ್ಲಿ ಅವಳು ಕೊನೆಯ ಸುತ್ತಿಗೆ ಬಂದು ಸೋತಿದ್ದಳು. ಹಿಂದಿನ ಚಕ್ರ ರಸ್ತೆ ಹಿಡಿಯದೆ ಜಾರಿದ್ದೇ ಕಾರಣ. ಅದಕ್ಕೆಂದೇ ಈ ಸಲ ಅಗಲದ ಹೊಸ ಚಕ್ರಗಳನ್ನು ತರಿಸಿದ್ದಳು. ಬಿಳಿ ಬಣ್ಣದ್ದು, ಹಗುರ, ಮುಟ್ಟಲು ಮನಸ್ಸಾಗುವಷ್ಟು ಚೆಂದ.

"ಮಾವ, ಹೇಗಿದೆ ಹೇಳು."

"ಚಕ್ರ ಚೆನ್ನಾಗಿದೆ. ಕೂತಮೇಲೆ ಹೇಳ್ತೀನಿ" ಎಂದ ಎಲಾದಿಯೊ.

ಮಾವಿನ ಮರದಡಿ ಕುರ್ಚಿ ಹಾಕಿಕೊಂಡು ಕೂತಿದ್ದ ಚಾಗೊ ನಕ್ಕ. ಚಾಗೊ ರಿಟೈರಾದ ಬಸ್ ಡ್ರೈವರ್, ಎಲಾದಿಯೊನ ನಲವತ್ತು ವರ್ಷದ ಗೆಳೆಯ. ಮನೆಯಲ್ಲಿ ಹೆಂಡತಿ ಬೈಯುತ್ತಾಳೆಂದು ದಿನಾ ಇಲ್ಲಿ ಬಂದು ಕೂತು ಎಲಾದಿಯೊನಿಂದ ಬೈಸಿಕೊಳ್ಳುತ್ತಿದ್ದ. "ಮದುವೆಯಾಗೋ ಹುಡುಗೀನ ಮೊದಲ ಸಲ ನೋಡಿದಾಗ್ಲೂ ಇವನು ಹಿಂಗೇ ಅಂದಿದ್ದ ಕಣಮ್ಮ. ಚೆನ್ನಾಗಿದೆ, ಕೂತಮೇಲೆ ಹೇಳ್ತೀನಿ ಅಂತ" ಎಂದ.

"ನಿನ್ನನ್ನ ನೋಡಿ ಯಾರೂ ಅಷ್ಟೂ ಅನ್ಲಿಲ್ವಲ್ಲ, ಸುಮ್ನೆ ಕೂತ್ಕೋ."

ಬೇರೆ ಕಂಪನಿಯ ಚಕ್ರ ಹಾಕುವುದೆಂದರೆ ಕಿತ್ತು ಸಿಕ್ಕಿಸುವುದಷ್ಟೇ ಅಲ್ಲ. ಎಲ್ಲ ಕಾರಿಗೂ ಆಗಲಿ ಎಂದು ಅಂಥ ಚಕ್ರದ ನಡುವಿನ ತೂತನ್ನು ದೊಡ್ಡದಾಗಿಯೇ ಮಾಡಿರುತ್ತಾರೆ. ಅಲ್ಲಿ ಬಳೆ ಕೂರಿಸದಿದ್ದರೆ ವೇಗದಲ್ಲಿ ಚಕ್ರ ನಡುಗುತ್ತದೆ. ಎಲಾದಿಯೊ ನಾಲ್ಕು ಬಳೆಗಳನ್ನೂ ಅಳೆದು ಕೂರಿಸಿದ. ಹಿಂದಿನ ಮಡ್‌ಗಾರ್ಡಿನ ಒಳ ಅಂಚು ಟೈರಿಗೆ ತಾಗುವ ಹಾಗಿತ್ತು. ಅದನ್ನು ಮರದ ದಾಂಡಿನಿಂದ ಬಣ್ಣ ಬಿರಿಯದಂತೆ ನಿಧಾನಕ್ಕೆ ಒಳಗೆ ಮಡಚಿದ. ಈ ಕೆಲಸದಲ್ಲಿ ಅವನಿಗೆ ಬೆರಳ ನೆನಪೇ ಇರಲಿಲ್ಲ. ಬಹಳ ದಿನಗಳ ಮೇಲೆ ಸುಖವಾಗಿದ್ದ.

"ಚಾಗೊ, ಏಳು. ನಿನ್ನ ಕೆಲಸ ಬಂತು."

ಭಾರ ಬಿದ್ದಾಗ ಟೈರು ತಾಗುತ್ತದೋ ಇಲ್ಲವೋ ನೋಡಲು ಯಾರನ್ನಾದರೂ ಡಿಕ್ಕಿಯಲ್ಲಿ ಕೂರಿಸುವುದು ಅಲ್ಲಿನವರ ಪದ್ಧತಿ. ಚಾಗೊ ಬೆಲ್ಟು ಮೇಲೆಳೆದುಕೊಂಡು ಡಿಕ್ಕಿಯೊಳಗೆ ಇಳಿದು ಕೂತ. ಕಾರು ಅಯ್ಯೋ ಎನ್ನುವ ಹಾಗೆ ಕೆಳಗಿಳಿಯಿತು.

"ಎದ್ದು ಕೂತ್ಕೋ, ಎದ್ದು ಕೂತ್ಕೋ" ಎಂದು ನೊಯೆಲಿಯಾ ಕುಣಿಸಿದಳು.

"ಅಲ್ಕಪುರ್ರಿಯಾ ಬೋಂಡಾ ಎರಡು ಕಮ್ಮಿ ತಿಂದಿದ್ರೆ ಲೆಕ್ಕ ತಪ್ಪಿಹೋಗ್ತಿತ್ತು ನಿಮಗೆ" ಎಂದು ಚಾಗೊ ಏದುಸಿರು ಬಿಡುತ್ತ ಕುಣಿದ. ಟೈರು ತಾಗಲಿಲ್ಲ.

ಕಡೆಗೆ ಉಳಿದದ್ದು ನಟ್‌ಗಳು. ಹಳೇ ಚಕ್ರದಲ್ಲಿ ನಟ್ ಬಯಲಲ್ಲಿ ಕೂರುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಈ ಹೊಸದರಲ್ಲಿ ನಟ್ ಕೂರುವ ಗುಳಿ ಸಪೂರ, ಆಳ, ಒಳಗೆ ಕತ್ತಲು. ಉದ್ದನೆಯ ಬಾಕ್ಸ್ ಪಾನಾದ ಬಾಯಿಗೆ ನಟ್ ಸಿಕ್ಕಿಸಿ, ಆ ಪಾನಾವನ್ನೇ ಬೆರಳಿನಲ್ಲಿ ಹಿಡಿದು ಸುತ್ತಬೇಕು. ಒಳಗೇನಾಗುತ್ತಿದೆ ಎಂದು ಬೆರಳಿಗಲ್ಲದೆ ಇನ್ಯಾರಿಗೂ ತಿಳಿಯುವಂತಿಲ್ಲ. ಎಲಾದಿಯೊ ಪಾನಾವನ್ನು ಕೈಯಲ್ಲೇ ತಿರುಗಿಸುತ್ತ ಕೂತ. ನೊಯೆಲಿಯಾ ಪಕ್ಕದಲ್ಲೇ ನಿಂತಿದ್ದಳು.

"ನಾನು ಹಾಕ್ಲಾ ಮಾವ?"

ಆಗ ಹೂಂ ಎಂದುಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಚಾಗೊ ನೋಡುತ್ತಿದ್ದ, ಅವಳು ನೋಡುತ್ತಿದ್ದಳು, ನಲವತ್ತು ವರ್ಷದ ಹೆಸರು ನೋಡುತ್ತಿತ್ತು. "ನೀನು ಹೋಗಿ ಮುಖ ತೊಳ್ಕೋ" ಎಂದುಬಿಟ್ಟ.

ಒಂದೊಂದನ್ನೂ ಮೂರು ಸುತ್ತು ಸುತ್ತಿದ. ಎಡಗಡೆಯ ಹಿಂದಿನ ಚಕ್ರದಲ್ಲಿ ಒಂದು ನಟ್ ಮೂರನೆಯ ಸುತ್ತಿಗೇ ಯಾಕೋ ಭಾರವಾಯಿತು. ಹೊಸ ಗುಳಿಯಲ್ಲಿ ಬಣ್ಣ ಸೇರಿರಬೇಕು ಎಂದುಕೊಂಡ. ಅಳತೆ ಪಾನಾ ಹಾಕಿದ. ಉಳಿದವುಗಳ ಹಾಗೇ ಅದೂ ಕಟ್ ಎಂದಿತು. ಹದಿನಾರಕ್ಕೂ ಗುಳಿಯ ಬಾಯಿಯವರೆಗೆ ಹಳದಿ ಗೆರೆ ಎಳೆದ. ನೊಯೆಲಿಯಾ ಅವನ ಕೆನ್ನೆಗೆ ಮುತ್ತಿಟ್ಟು, "ಗೆದ್ದು ಬರ್ತೀನಿ ನೋಡ್ತಿರು" ಎಂದು ಕೋಳಿಗಳನ್ನೆಲ್ಲ ಓಡಿಸಿಕೊಂಡು ಹೊರಟುಹೋದಳು.

ಕೆಲಸ ಮುಗಿದ ಮೇಲೆ ಪಾನಾ ಒರೆಸಿಡದೆ ಎಲಾದಿಯೊ ಊಟಕ್ಕೆ ಏಳುತ್ತಿರಲಿಲ್ಲ. ಉದ್ದನೆಯ ಬಾಕ್ಸ್ ಪಾನಾವನ್ನು ಅಂಗೈಗೆ ಬಡಿದು ಕೊಡವಿದ. ಅಂಗೈ ಮೇಲೆ ಏನೋ ಹೊಳೆಯಿತು. ಬಿದ್ದದ್ದು ಗೊತ್ತಾಗಲಿಲ್ಲ, ಕಂಡಿತು ಅಷ್ಟೇ. ಉಗುರಿನಷ್ಟು ಉದ್ದದ, ಸುರುಳಿ ಸುತ್ತಿಕೊಂಡ ಉಕ್ಕಿನ ಸಿಬಿರು. ರೇಸಿನವರು ಹಾಕುವ ನಟ್‌ಗಳಿಗೆ ತಲೆಯ ಕಡೆಯೂ ತೂತಿರುತ್ತದೆ. ಅದರ ಮೂಲಕ ಪಾನಾದೊಳಕ್ಕೆ ಬಂದಿತ್ತು. ಸರಿಯಾಗಿ ಕೂತ ನಟ್ ಉಕ್ಕು ಕೆರೆಯುವುದಿಲ್ಲ. ಥ್ರೆಡ್ ಕ್ರಾಸ್ ಆಗಿ ಬೋಲ್ಟನ್ನು ಅಡ್ಡಡ್ಡ ಕೊರೆದುಕೊಂಡು ಹೋದರೆ ಮಾತ್ರ ಹೀಗೆ ಸಿಬಿರು ಏಳುತ್ತದೆ. ಹಾಗೆ ಸಿಕ್ಕಿಹಾಕಿಕೊಂಡ ನಟ್ ಚಕ್ರವನ್ನು ಹಿಡಿಯುವುದೇ ಇಲ್ಲ, ಆದರೂ ಅಳತೆ ಪಾನಾಕ್ಕೆ ಕಟ್ ಎನ್ನುತ್ತದೆ.

ಅವನು ಟೈರಿನ ಮೇಲೆ ಕೂತ. ಚಾಗೊ ಬಂದು ಅಂಗೈ ನೋಡಿದ.

"ಒಂದು ನಟ್ ತಾನೇ? ಆ ಚಕ್ರಕ್ಕೆ ಇನ್ನೂ ಮೂರು ಇವೆಯಲ್ಲೋ. ಸಂಜೆ ಬಂದಾಗ ಸರಿಮಾಡಿದ್ರಾಯ್ತು."

ಅದೇ ಮಾತು ಎಲಾದಿಯೊನ ಮನಸ್ಸಿಗೂ ಬಂದಿತ್ತು ಎಂದರೆ ನಂಬಬೇಕು. ಸಂಜೆ ಅವಳು ಬಂದಾಗ, ಹೊಸ ಚಕ್ರ ಅಲ್ವಾ, ಇನ್ನೊಂದ್ಸಲ ಬಿಗಿ ನೋಡ್ತೀನಿ ಎಂದು ಮೆಲ್ಲಗೆ ಬದಲಾಯಿಸಿಬಿಡಬಹುದಿತ್ತು. ಹೊಸ ಚಕ್ರಕ್ಕೆ ಎಲ್ಲರೂ ಹಾಗೇ ಮಾಡುವುದು, ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಆದರೆ ಒಂದು ನಟ್ಟಿನ ಸುದ್ದಿ ಹೇಳದ ಬೆರಳು ಉಳಿದ ಹದಿನೈದರ ಸುದ್ದಿ ಹೇಳಿತೆಂದು ನಂಬುವುದು ಹೇಗೆ? ಆ ಯೋಚನೆ ಬಂದದ್ದೇ ಅವನು ಎದ್ದು ನಿಂತ.

"ಚಾಗೊ, ನಿನ್ನ ವ್ಯಾನ್ ತೆಗಿ" ಎಂದ.

ನೊಯೆಲಿಯಾಳ ಫೋನಿಗೆ ಎಂಟು ಸಲ ಮಾಡಿದ. ರೇಸಿನ ದಿನ ಅವಳು ಫೋನ್ ಆಫ್ ಮಾಡಿಡುತ್ತಾಳೆಂದು ಗೊತ್ತಿದ್ದೂ ಮಾಡಿದ. ದಾರಿಯುದ್ದಕ್ಕೂ ರಸ್ತೆ ಬದಿಯಲ್ಲಿ ಬಿಳಿ ಚಕ್ರದ ಕಾರೇನಾದರೂ ಮಗುಚಿ ಬಿದ್ದಿದೆಯಾ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ ಹೋದ. ಬಾಯಿ ಮುಚ್ಚಿ ಗೊತ್ತಿಲ್ಲದ ಚಾಗೊ ಕೂಡ ಆ ನಲವತ್ತು ನಿಮಿಷ ಒಂದೇ ಒಂದು ಮಾತು ಕೇಳಿದ.

"ನಿನ್ನ ಕೈಲಿ ಹೆಂಗಾಯ್ತೋ ಇದು?"

ಎಲಾದಿಯೊ ಕೈಗಳನ್ನು ತೊಡೆಯಡಿಗೆ ಸೇರಿಸಿಕೊಂಡ.

ಅವರು ತಲುಪಿದಾಗ ನೊಯೆಲಿಯಾ ಎರಡು ಸುತ್ತು ಗೆದ್ದಾಗಿತ್ತು. ಕೊನೆಯ ಸುತ್ತಿಗೆ ಸಾಲಿನಲ್ಲಿದ್ದಳು, ಅವಳ ಮುಂದೆ ಇನ್ನು ಬೇರೆ ವರ್ಗದ ಒಂದೇ ಜೊತೆ ಕಾರು. ಎಲಾದಿಯೊ ಹಗ್ಗ ದಾಟಿ, ಕೂಗುತ್ತಿದ್ದ ಜನರನ್ನು ತಳ್ಳಿಕೊಂಡು ಓಡಿ, ಹೋಗಿ ಕಾರಿನ ಮುಂದೆ ನಿಂತ. ಬಾನೆಟ್ಟಿನ ಮೇಲೆ ಎರಡೂ ಕೈ ಊರಿದ.

ನೊಯೆಲಿಯಾ ಹೆಲ್ಮೆಟ್ ತೆಗೆಯದೆಯೇ ಕಿರುಚಿದಳು. "ಮಾವ! ತಲೆ ಕೆಟ್ಟಿದ್ಯಾ? ನನ್ನ ಸರದಿ ಬಂತು!"

"ಇಳಿ."

"ಫೈನಲ್ ಮಾವ ಇದು!"

"ಇಳಿ ಅಂದೆ ಕೂಸೇ. ನಟ್ ಸರಿಯಿಲ್ಲ."

ವಿಲೊ ಓಡಿ ಬಂದ. "ಏನಿದು ಎಲಾದಿಯೊ? ಗೆರೆ ನೋಡೇ ಬಿಟ್ಟಿದ್ದೀನಿ. ಹದಿನಾರೂ ಇದ್ವು. ನಿಂದೇ ಗೆರೆ."

"ಗೆರೆ ನಂದೇ" ಎಂದ ಎಲಾದಿಯೊ. ಸುತ್ತ ಇಪ್ಪತ್ತು ಮೂವತ್ತು ಜನ ನೆರೆದಿದ್ದರು. ಅವರಲ್ಲಿ ಅರ್ಧ ಜನರ ಚಕ್ರ ಅವನೇ ಹಾಕಿದ್ದು. "ನನ್ನ ಬೆರಳಿಗೆ ಏನೂ ಗೊತ್ತಾಗ್ತಿಲ್ಲ ವಿಲೊ. ಮರಗಟ್ಟಿಹೋಗಿವೆ. ನಟ್ ಹೆಂಗೆ ಕೂತಿದೆ ಅಂತ ನನಗೇ ಗೊತ್ತಿಲ್ಲ."

ಕಾರನ್ನು ಪಕ್ಕಕ್ಕೆ ತಳ್ಳಿದರು. ಎಡಗಡೆಯ ಹಿಂದಿನ ಚಕ್ರದ ಆ ನಟ್ಟಿಗೆ ವಿಲೊ ಪಾನಾ ಹಾಕಿ ಮೈಭಾರವೆಲ್ಲ ಬಿಟ್ಟ. ನಟ್ ಒಂದು ಸುತ್ತು ಕಿರುಗುಟ್ಟಿ, ಬೋಲ್ಟನ್ನೇ ಅರ್ಧಕ್ಕೆ ಮುರಿದುಕೊಂಡು ಬಂತು. ಪಕ್ಕದ ಎರಡು ನಟ್ ಬೆರಳಿನಲ್ಲಿ ಸುತ್ತಿದರೂ ತಿರುಗುವಷ್ಟು ಸಡಿಲವಾಗಿದ್ದವು. ಚಕ್ರ ಕೂರಬೇಕಾದಷ್ಟು ಒತ್ತಿ ಕೂತಿರಲೇ ಇಲ್ಲ, ಎರಡು ಓಟಕ್ಕೇ ಅಲುಗಾಡಿತ್ತು. ಹಳದಿ ಗೆರೆಗಳು ಆ ಆಳದ ಗುಳಿಯ ಕತ್ತಲಲ್ಲಿ ತುಂಡಾಗಿದ್ದವು; ಯಾರೂ ಬಗ್ಗಿ ನೋಡಿರಲಿಲ್ಲ. ಒಂದು ಚಕ್ರವನ್ನು ಹಿಡಿದಿದ್ದದ್ದು ಒಂದೇ ನಟ್.

ಮೈಕಿನಲ್ಲಿ ಕೊನೆಯ ಸುತ್ತಿಗೆ ಎದುರಾಳಿಯ ಹೆಸರೊಂದನ್ನೇ ಕೂಗಿದರು. ಅವನು ಒಬ್ಬನೇ ಓಡಿ ಗೆದ್ದ. ಆಮೇಲೆ ವಿಲೊ ಮಾಡಿದ ಕೆಲಸವನ್ನು ಎಲಾದಿಯೊ ಸಾಯುವವರೆಗೂ ಮರೆಯುವಂತಿಲ್ಲ. ಅವನನ್ನು ಬೈಯಲಿಲ್ಲ, ಮುಖ ಕೂಡ ನೋಡಲಿಲ್ಲ. ಪಾನಾ ಹೆಗಲಿಗೇರಿಸಿಕೊಂಡು ಸಾಲಾಗಿ ನಿಂತಿದ್ದ ಬೇರೆ ಕಾರುಗಳ ಕಡೆ ನಡೆದ. ಎಲ್ಲೆಲ್ಲಿ ಹಳದಿ ಗೆರೆ ಇತ್ತೋ ಅಲ್ಲೆಲ್ಲ ಮಂಡಿಯೂರಿ ಕೂತು ಒಂದೊಂದು ನಟ್ಟನ್ನೂ ಪರೀಕ್ಷಿಸತೊಡಗಿದ. ಅದು ನ್ಯಾಯವೇ. ನ್ಯಾಯವೆಂದು ಗೊತ್ತಿದ್ದೂ ಎಲಾದಿಯೊನ ಕಣ್ಣು ತುಂಬಿ ಬಂತು.

ನೊಯೆಲಿಯಾ ಹೆಲ್ಮೆಟ್ ತೆಗೆದು ಕೆಳಗಿಟ್ಟಳು.

"ಯಾವಾಗಿಂದ?"

"ರೇಯೆಸ್ ಹಬ್ಬದಿಂದ."

ಅವಳು ಮನಸ್ಸಿನಲ್ಲೇ ಎಣಿಸಿದಳು. "ಇವತ್ತಿಗೆ ಏಳು ಭಾನುವಾರ. ಏಳು ಸಲ ನನ್ನನ್ನ ಕಳಿಸ್ದೆ."

"ಕಣ್ಣಲ್ಲಿ ನೋಡ್ಕೊಂಡು ಹಾಕ್ತಿದ್ದೆ. ಹಳೇ ಚಕ್ರದಲ್ಲಿ ಕಾಣ್ತಿತ್ತು..."

"ನಿನ್ನ ಮಾತ್ರೆ ಪ್ರತಿ ತಿಂಗಳು ಕಟ್ಟಿ ಕೊಟ್ಟವಳು ನಾನು, ಮಾವ! ಕೌಂಟರಿನ ಆಚೆ ನಿಂತು ಹವಾ ಹೆಂಗಿದೆ, ಕೋಳಿ ಹೆಂಗಿದೆ ಅಂತ ಮಾತಾಡ್ತಿದ್ದೆಯಲ್ಲ. ಒಂದು ಮಾತು, ಒಂದೇ ಒಂದು ಮಾತು ಹೇಳೋಕೆ ಆಗ್ಲಿಲ್ವಾ?"

"ಹೇಳಿದ್ರೆ ನೀನು ಬೇರೆಯವರ ಹತ್ರ ಹೋಗ್ತಿದ್ದೆ" ಎಂದ ಎಲಾದಿಯೊ. ಅಷ್ಟು ಸಣ್ಣ ಕಾರಣ ಅದು. ಬಾಯಿಂದ ಹೊರಗೆ ಬಂದಾಗ ಇನ್ನೂ ಸಣ್ಣದಾಗಿ ಕೇಳಿಸಿತು.

ಅವಳು ಪಕ್ಕದ ಟೆಂಟಿನವರಿಂದ ಒಂದು ಬೋಲ್ಟು ಕೇಳಿ ತಂದಳು, ಬ್ರೇಕ್ ಡ್ರಮ್ ಬಿಚ್ಚಿ ಮುರಿದದ್ದನ್ನು ಹೊಡೆದು ತೆಗೆದು ಹೊಸದನ್ನು ಎಳೆದು ಕೂರಿಸಿದಳು. ನಾಲ್ಕೂ ಚಕ್ರದ ಹದಿನಾರೂ ನಟ್ ಬಿಚ್ಚಿ, ಒರೆಸಿ, ಮೊದಲಿನಿಂದ ಹಾಕಿದಳು. ಮೂರು ಸುತ್ತು ಬೆರಳಲ್ಲಿ, ತಲೆ ಒಂದು ಕಡೆ ವಾಲಿಸಿಕೊಂಡು, ಅವನೇ ಕಲಿಸಿದ ಹಾಗೆ. ಎಲಾದಿಯೊ ದೂರದಲ್ಲಿ ಚಾಗೊನ ಪಕ್ಕ ನಿಂತು ನೋಡಿದ. ಚಾಗೊ ಸಿಹಿ ಮಾಲ್ಟಾ ಪಾನೀಯದ ಒಂದು ಬಾಟಲಿ ತಂದು ಕೈಗಿಡಲು ಹೋದವನು, ಸಕ್ಕರೆ ಕಾಯಿಲೆ ನೆನಪಾಗಿ ತಾನೇ ಕುಡಿದ. ಅವಳು ಹಳದಿ ಗೆರೆಗಳನ್ನು ಬಟ್ಟೆಯಿಂದ ತಿಕ್ಕಿ ಅಳಿಸಿದಳು. ಹೊಸದಾಗಿ ಯಾವ ಗೆರೆಯನ್ನೂ ಎಳೆಯಲಿಲ್ಲ.

ಐದು ಗಂಟೆಯ ಹೊತ್ತಿಗೆ ಜನ ಕರಗಿದ್ದರು. ಎಲಾದಿಯೊ ವ್ಯಾನಿನ ಕಡೆ ಹೊರಟ.

"ಎಲ್ಲಿಗೆ?" ಎಂದಳು ನೊಯೆಲಿಯಾ.

"ಚಾಗೊನ ಜೊತೆ ಹೋಗ್ತೀನಿ."

"ಬೇಡ. ಇದ್ರಲ್ಲಿ ಕೂತ್ಕೋ."

ಕೂತ. ರೋಟರಿ ಎಂಜಿನ್ ಗುಡುಗಿತು. ಹೆದ್ದಾರಿಗೆ ಏರಿದ ಮೇಲೆ ಅವಳು ವೇಗ ಹೆಚ್ಚಿಸಿದಳು. ತೀರಾ ಹೆಚ್ಚಲ್ಲ, ಅವಳಿಗೆ ಮಾಮೂಲಿನಷ್ಟೇ. ಚಕ್ರ ಹಾಕಿದ್ದು ಅವಳು, ಚೆನ್ನಾಗಿಯೇ ಹಾಕಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆದರೂ ಸೇತುವೆಯ ಜೋಡಣೆಯ ಮೇಲೆ ಗಾಡಿ ಧಡಕ್ಕೆಂದಾಗ ಅವನ ಜೀವ ಬಾಯಿಗೆ ಬಂತು. ತಿರುವಿನಲ್ಲಿ ಕಾರು ವಾಲಿದಾಗ ಎಡಗಡೆಯ ಹಿಂದಿನ ಚಕ್ರಕ್ಕೆ ಕಿವಿಗೊಟ್ಟು, ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ನಲವತ್ತು ವರ್ಷ ಬೇರೆಯವರ ಚಕ್ರ ಬಿಗಿದವನು ಹಾಗೆ ಒಂದು ದಿನವೂ ಕೂತಿರಲಿಲ್ಲ.

ನೊಯೆಲಿಯಾ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಭಯ ಆಗ್ತಿದ್ಯಾ ಮಾವ?"

"ಆಗ್ತಿದೆ."

"ನನಗೆ ಏಳು ಭಾನುವಾರದಲ್ಲಿ ಒಂದು ಸಲನೂ ಆಗಿರ್ಲಿಲ್ಲ."